ಹದಿನೇಳನೇ ಹಾಜರಿ

ಹದಿನಾರನೇ ಹಾಜರಿ ಮುಗಿದ ಕೂಡಲೇ ಹುಡುಗರು ಮತ್ತೆ ಸುಮ್ಮನಾದರು.

"ಎ ಡೋರ್" ಎಂದು ಮಲಕಾಜಪ್ಪ ಮಾಸ್ತರ ಕರೆದಿದ್ದ. "ಟು ಶಟ್, ಸರ್" ಎಂದು ಗೋಡೆ ಬದಿಯ ಹುಡುಗ ಎದ್ದು ಹೇಳಿ ಕೂತಿದ್ದ. ಹದಿನೇಳನ್ನು ಮಾಸ್ತರ ಕರೆಯುತ್ತಿರಲಿಲ್ಲ. ಮೂರು ವರ್ಷದಿಂದ ಆ ನಂಬರು ಯಾರಿಗೂ ಕೊಟ್ಟಿಲ್ಲ. ಹದಿನಾರರಿಂದ ನೆಟ್ಟಗೆ ಹದಿನೆಂಟಕ್ಕೆ ಹೋಗಿಬಿಡಬೇಕೆಂದು ಅವನು ದಿನಾ ಅಂದುಕೊಳ್ಳುತ್ತಿದ್ದ. ಅವನು ಬಾಯಿ ತೆರೆಯುವುದರೊಳಗೆ ಇಡೀ ವರ್ಗ ಉಸಿರು ಬಿಗಿಹಿಡಿದು ಕೂತುಬಿಡುತ್ತಿತ್ತು. ಒಬ್ಬರು ಎದ್ದು, ಮೂರು ಮಾತು ಹೇಳಿ, ಕೂಡುವಷ್ಟು ಹೊತ್ತು. ಆಮೇಲೆ ಎಲ್ಲರೂ ಒಟ್ಟಿಗೇ ಉಸಿರು ಬಿಡುತ್ತಿದ್ದರು. ಹಳೇ ಊರಿನ ಸಾಲಿ ಕಂಡ ಹುಡುಗರು ಹಾಗೆ ಮಾಡಿದರೆ ಮಾಡಲಿ. ಸಾಲಿ ಸುರುವಾಗಿ ಇನ್ನೂ ನಾಲ್ಕು ದಿನ, ಹೊಸದಾಗಿ ಐದನೇ ವರ್ಗಕ್ಕೆ ಬಂದು ಕೂತ ಚಿಳ್ಳೆಪಿಳ್ಳೆಗಳಿಗೆ ಇದನ್ನು ಯಾರು ಕಲಿಸಿದರು?

"ಯಾಕಲೇ ಸುಮ್ಮಕಾದ್ರಿ?" ಎಂದು ಒಮ್ಮೆ ಗದರಿದ್ದ.

ಮುಂದಿನ ಸಾಲಿನ ಹುಡುಗಿ ಕಣ್ಣು ಪಿಳಿಪಿಳಿ ಬಿಟ್ಟು, "ಸುಮ್ಮಕಾಗಿಲ್ರಿ ಸರ್, ಹೇಳೂದು ಮುಗೀಲಿ ಅಂತ ಕುಂತೇವ್ರಿ" ಎಂದಿದ್ದಳು. ಅವತ್ತಿನಿಂದ ಮಾಸ್ತರ ಕೇಳುವುದನ್ನೇ ಬಿಟ್ಟ.

ಇವತ್ತೂ ಆ ಹೊತ್ತು ಕಳೆಯಿತು. ಹದಿನೆಂಟನ್ನು ಕರೆಯಲು ತಲೆ ಎತ್ತಿದರೆ ಬಾಗಿಲಲ್ಲಿ ಸಾವಂತ್ರೆವ್ವ ನಿಂತಿದ್ದಳು. ಹದಿನೇಳರ ತಾಯಿ.

"ಊರು ಮ್ಯಾಲ ಬಂದೈತ್ರಿ, ಮಾಸ್ತರ" ಅಂದಳು.

ಈ ಹಾಜರಿಯ ಸಂಗತಿಯನ್ನು ಮೊದಲು ಹೇಳಿಬಿಡಬೇಕು. ಆರು ವರ್ಷದ ಹಿಂದೆ ಮಲಕಾಜಪ್ಪ ಧಾರವಾಡಕ್ಕೆ ಹೋಗಿ ಮೂರು ತಿಂಗಳು ಇಂಗ್ಲಿಷ್ ಕಲಿಸುವ ತರಬೇತಿ ಪಡೆದು ಬಂದಿದ್ದ. ಅಲ್ಲಿ ವ್ಯಾಕರಣ ಬಾಯಿಪಾಠ ಮಾಡಿಸುವುದಿಲ್ಲ, ವಾಕ್ಯದ ಅಚ್ಚು ಕೊಡುತ್ತಾರೆ, ಅದರಲ್ಲಿ ಮಾತು ಹಾಕಿ ಹಾಕಿ ತೆಗೆಯಬೇಕು. ಎಲ್ಲ ಅಚ್ಚುಗಳಲ್ಲಿ ಒಂದು ಅವನ ಮನಸ್ಸಿಗೆ ಬಹಳ ಹಿಡಿಸಿತು. ಮೊದಲು ವಸ್ತುವಿನ ಹೆಸರು, ಅದರ ಬೆನ್ನಿಗೆ ಅದರಿಂದ ಆಗಬೇಕಾದ ಕೆಲಸ. ಎ ಬುಕ್ ಟು ರೀಡ್. ನಮ್ಮ ಮಾತಿನಲ್ಲಿ 'ಓದಲಿಕ್ಕೆ ಒಂದು ಪುಸ್ತಕ'. ಕೆಲಸ ಮುಂದೆ, ವಸ್ತು ಹಿಂದೆ. ಇಂಗ್ಲಿಷಿನಲ್ಲಿ ವಸ್ತು ಮೊದಲೇ ಬಂದು ನಿಂತುಕೊಂಡು ತನ್ನ ಕೆಲಸಕ್ಕೆ ಕಾಯುತ್ತದೆ. ಮಲಕಾಜಪ್ಪನಿಗೆ ಇದು ದೊಡ್ಡ ಸೋಜಿಗವಾಗಿ ಕಂಡಿತ್ತು.

ಊರಿಗೆ ಬಂದವನೇ ಹಾಜರಿಯನ್ನೇ ಈ ಅಚ್ಚಿಗೆ ಹಾಕಿದ. ಹೆಸರು ಕರೆಯುವುದಿಲ್ಲ, 'ಎಸ್ ಸರ್' ಇಲ್ಲ. ಪ್ರತಿ ಹುಡುಗನಿಗೂ ಅವನ ಮನೆಯದೇ ಒಂದು ವಸ್ತು. ಮಾಸ್ತರ ವಸ್ತು ಕರೆದರೆ ಹುಡುಗ ಕೆಲಸ ಹೇಳಬೇಕು. "ಎ ಫೀಲ್ಡ್" ಅಂದರೆ "ಟು ಪ್ಲೌ, ಸರ್". "ಎ ಮ್ಯಾಟ್" ಅಂದರೆ "ಟು ಸ್ಲೀಪ್ ಆನ್, ಸರ್". ಯಾವಾಗಲೂ ತಂಗಿಯನ್ನು ಬಗಲಲ್ಲಿ ಎತ್ತಿಕೊಂಡೇ ಸಾಲಿಗೆ ಬರುತ್ತಿದ್ದ ಹುಡುಗನಿಗೆ "ಎ ಸಿಸ್ಟರ್ ಟು ಕ್ಯಾರಿ" ಎಂದು ಕೊಟ್ಟಾಗ ಹುಡುಗರೆಲ್ಲ ಬಿದ್ದು ಬಿದ್ದು ನಕ್ಕಿದ್ದರು. ಲಾರಿ ಡ್ರೈವರ್ ಫಕ್ರುಸಾಬನ ಮಗಳು ಅನ್ವರಬಿ ಹದಿನೆಂಟು: "ಎ ಲಾರಿ ಟು ಡ್ರೈವ್". ಅವಳ ಪಕ್ಕದಲ್ಲಿ ಕೂಡುವ ಗೆಳತಿ ತಂಗೆವ್ವ ಹದಿನೇಳು. ಅವಳ ಮನೆಯಲ್ಲಿ ಹಣೆಯ ಮೇಲೆ ಬಿಳಿ ಚುಕ್ಕೆಯ ಒಂದು ಆಕಳ ಕರ ಇತ್ತು. "ಎ ಕಾಫ್ ಟು ಫೀಡ್". ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಅನ್ನುವ ಹಾಗೆ ದಿನಾ ಅದೇ ಮೂವತ್ತೊಂದು. ಎಲ್ಲರಿಗೂ ಎಲ್ಲರದೂ ಬಾಯಿಪಾಠವಾಯಿತು. ಇನಸ್ಪೆಕ್ಟರ್ ಸಾಹೇಬರು ಬಂದಾಗ ಭೇಷ್ ಎಂದು ಬೆನ್ನು ತಟ್ಟಿ ಹೋದರು. ಮಲಕಾಜಪ್ಪನ ಕಾಲು ಒಂದು ವಾರ ನೆಲದ ಮೇಲೆ ಇರಲಿಲ್ಲ.

ನವಿಲುತೀರ್ಥದ ಅಣೆಕಟ್ಟು ಏರಿತು. ಮುಳುಗುವ ಊರನ್ನು ಬಿಡುವ ದಿನ ಬಂತು. ಎಪ್ಪತ್ಮೂರರ ಜೂನ್. ಘಟ್ಟದ ಕಡೆ ಮಳೆ ಹಿಡಿದಿದೆ, ಹೊಳೆ ಏರುತ್ತಿದೆ ಎಂದು ಸುದ್ದಿ. ಇಳಿಹೊತ್ತಿನಲ್ಲಿ ಎರಡು ಲಾರಿ ಬಂದು ನಿಂತವು. ಒಂದರಲ್ಲಿ ದೊಡ್ಡವರು, ಬೋಗುಣಿ, ಬುಟ್ಟಿ, ಬೀಸುವ ಕಲ್ಲು. ಇನ್ನೊಂದರಲ್ಲಿ ಹುಡುಗರು, ಅದು ಫಕ್ರುಸಾಬನದು. ಹುಡುಗರ ಜವಾಬ್ದಾರಿ ಮಾಸ್ತರನದು.

ಹನಿ ಬೀಳುತ್ತಿತ್ತು, ಹುಡುಗರ ಮೇಲೆ ತಾಡಪತ್ರಿ ಹೊದಿಸಿದ್ದರು. ಒಬ್ಬರ ಮುಖವೂ ಕಾಣುತ್ತಿರಲಿಲ್ಲ. ಮಾಸ್ತರ ಹಿಂದಿನ ಹಲಗೆ ಹಿಡಿದು ನಿಂತು ಹಾಜರಿ ಕರೆದ. ತಾಡಪತ್ರಿಯ ಕೆಳಗಿಂದ ಒಂದೊಂದೇ ದನಿ ಬಂತು. ಎ ಡೋರ್. ಟು ಶಟ್, ಸರ್. ಎ ಕಾಫ್. ಟು ಫೀಡ್, ಸರ್. ಎ ಲಾರಿ. ಟು ಡ್ರೈವ್, ಸರ್. ಮೂವತ್ತೊಂದಕ್ಕೆ ಮೂವತ್ತೊಂದು ಹಾಜರು.

ಸಾವಂತ್ರೆವ್ವ ದೊಡ್ಡವರ ಲಾರಿ ಹತ್ತುತ್ತಿದ್ದಳು. ಗಂಡ ಸತ್ತು ಎಷ್ಟೋ ವರ್ಷ, ಇದ್ದದ್ದೊಂದೇ ಮಗಳು. ಒಂದು ಕಾಲು ಗಾಲಿಯ ಮೇಲೆ ಇಟ್ಟವಳು ಏನನ್ನಿಸಿತೋ ಇಳಿದಳು. "ಮಾಸ್ತರ, ನಮ್ಮ ತಂಗೆವ್ವ ಅದಾಳಿಲ್ರಿ? ಕರಾ ಕರಾ ಅಂತ ಬಡಕೊಳ್ಳಾಕ ಹತ್ತಿದ್ಲು. ಒಂದೀಟು ನೋಡಿ ಬರ್ತೇನಿ."

"ಹತ್ತವಾ ಯವ್ವ, ಹೊತ್ತಾತು. ಅದಾಳ. ಆಕಿ ದನಿ ನಾನs ಕೇಳೇನಿ" ಅಂದ ಮಲಕಾಜಪ್ಪ.

ಅವಳು ಹತ್ತಿದಳು. ಲಾರಿ ಹೊರಟಿತು. ಹೊಸ ವಸ್ತಿಯಲ್ಲಿ ಇಳಿಸಿ ನೋಡಿದರೆ ಮೂವತ್ತು ಹುಡುಗರು.

ಮಾಸ್ತರ ಅಲ್ಲೂ ಅದೇ ಮಾತು ಹೇಳಿದ. ಹಾಜರಿ ಹೇಳ್ಯಾಳ, ನಾನs ಕೇಳೇನಿ, ನಡುದಾರಿಯಾಗ ಎಲ್ಲೋ ಇಳದಿರಬೇಕು. ಜನ ಮಾಸ್ತರನ ಮಾತು ನಂಬಿ ದಾರಿಯುದ್ದಕ್ಕೂ ಹುಡುಕಿದರು, ಸವದತ್ತಿಗೆ ಹೋದರು, ಮುನವಳ್ಳಿಗೆ ಹೋದರು. ಹಳೇ ಊರಿಗೆ ಒಬ್ಬರೂ ಹೋಗಲಿಲ್ಲ. ಎರಡು ದಿನಕ್ಕೆ ಅಲ್ಲಿ ಆಳೆತ್ತರ ನೀರು.

ಅಂದಿನಿಂದ ಸಾವಂತ್ರೆವ್ವ ಬಸ್‌ಸ್ಟ್ಯಾಂಡುಗಳನ್ನು ಹುಡುಕುತ್ತಲೇ ಇದ್ದಳು. ಬೈಲಹೊಂಗಲ, ರಾಮದುರ್ಗ, ಕಟಕೋಳ, ಸುರೇಬಾನ. ಯಾರೋ ಕರೆದುಕೊಂಡು ಹೋಗಿದ್ದಾರೆ, ಎಲ್ಲೋ ಭಾಂಡೆ ತಿಕ್ಕಿಕೊಂಡು ಇದ್ದಾಳೆ. ಮಾಸ್ತರ ದನಿ ಕೇಳಿದಾನಲ್ಲ! ಮಗಳು ಸತ್ತಳೆಂದು ತಿಳಿದು ಅವಳ ಹೆಸರಿನಲ್ಲಿ ದಿನ ಮಾಡೆಂದು ಹಿರಿಯರು ಹೇಳಿದರೆ ಕೈಗೆ ಸಿಕ್ಕದ್ದನ್ನು ಎತ್ತಿ ಒಗೆಯುತ್ತಿದ್ದಳು. ಊರು ತಿರುಗಿ ಬಂದಾಗಲೊಮ್ಮೆ ಸಾಲಿಯ ಮುಂದೆ ಕೂತು ಕೇಳುತ್ತಿದ್ದಳು: "ದನಿ ಹೆಂಗಿತ್ರಿ ಮಾಸ್ತರ? ನಗತಿದ್ಲೋ, ಅಳತಿದ್ಲೋ?"

"ನಗತಿದ್ಲವ್ವ" ಅನ್ನುತ್ತಿದ್ದ ಮಲಕಾಜಪ್ಪ. ಹಾಗೆಂದ ದಿನ ಅವನು ಊಟಕ್ಕೆ ಕೂತು ರೊಟ್ಟಿ ಮುಟ್ಟದೆ ಏಳುತ್ತಿದ್ದ.

ಯಾಕೆಂದರೆ ಅವನಿಗೆ ಗೊತ್ತಿತ್ತು. ಹದಿನೇಳಕ್ಕೂ ಹದಿನೆಂಟಕ್ಕೂ ಬಂದದ್ದು ಒಂದೇ ದನಿ. ಫಕ್ರುಸಾಬನ ಮಗಳದು ಸ್ವಲ್ಪ ಒಡಕು ದನಿ, ನೂರು ಹುಡುಗರಲ್ಲಿ ಗುರುತು ಸಿಗುವಂಥದು. ಗೆಳತಿ ಕರ ತರಲು ಇಳಿದು ಓಡಿದ್ದಾಳೆ, ನನ್ನದು ಬಂದರೆ ನೀನೇ ಹೇಳು ಎಂದಿದ್ದಾಳೆ, ಇವಳು ಹೇಳಿದ್ದಾಳೆ. ಹುಡುಗರಾಟ. ಅದು ಅವನಿಗೆ ಆಗಲೇ, ಹಲಗೆ ಹಿಡಿದು ನಿಂತಾಗಲೇ ತಿಳಿದಿತ್ತು. ಆದರೆ ಮಳೆ, ಆದರೆ ಡ್ರೈವರುಗಳ ಗದ್ದಲ, ಆದರೆ ಎಲ್ಲೋ ಮೂಲೆಯಲ್ಲಿ ಇದ್ದೇ ಇರುತ್ತಾಳೆ ಬಿಡು ಎಂಬ ಉದಾಸೀನ. ಹಾಜರಿ ಹಾಕಿ ಪುಸ್ತಕ ಮುಚ್ಚಿದ. ಹೊಸ ವಸ್ತಿಗೆ ಬಂದ ಮೇಲೆ ನಾಳೆ ಹೇಳಿದರಾಯಿತು ಅಂದುಕೊಂಡ. ನಾಳೆ ನಾಡಿದ್ದಾಯಿತು. ನಾಡಿದ್ದು ನೀರು ಬಂತು.

ಸಾವಂತ್ರೆವ್ವ ಸಾಲಿಯ ಬಾಗಿಲಿಗೆ ಬಂದ ದಿನವೇ ಮಧ್ಯಾಹ್ನ ಎರಡಕ್ಕೆ, ಹಳೇ ಊರಿಗೆ ಹೋಗಲು ಅವಳು ಹೇಳಿದ್ದ ಫಕ್ರುಸಾಬನ ಲಾರಿ ಸಾಲಿಯ ಮುಂದೆ ನಿಂತಿತು.

"ಆ ವರ್ಷದ ಹಾಜರಿ ಪುಸ್ತಕ ತಗೊಂಡ್ರೇನ್ರಿ?" ಎಂದು ಸಾವಂತ್ರೆವ್ವ ಕೇಳಿದಳು. ಅವಳ ಸೆರಗಿನಲ್ಲಿ ಒಂದು ಹಿಡಿ ಹಸಿ ಹುಲ್ಲು ಕಟ್ಟಿತ್ತು.

"ಅದರಿಂದ ಏನ ಮಾಡ್ತಿ ಬೇ?"

"ಹಳೀ ಸಾಲ್ಯಾಗ ನಿಂತು ಒಮ್ಮೆ ಕರೀರಿ. ಲಾರಿಯಾಗ ಕರದ್ರ ಓಗೊಟ್ಟಾಕಿ ಅಲ್ಲಿ ಕರದ್ರ ಓಗೊಡೂದಿಲ್ಲೇನು?"

ಮಾಸ್ತರ ಪುಸ್ತಕವನ್ನು ಬಗಲಲ್ಲಿ ಹಿಡಿದು ಲಾರಿ ಹತ್ತಿದ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ಇವಳು ಸುಮ್ಮನೆ ಕರೆಯುತ್ತಿದ್ದಾಳೋ, ಇನ್ನೇನೋ ತಿಳಿದಿದ್ದಾಳೋ ಎಂದು ದಾರಿಯುದ್ದಕ್ಕೂ ಅವಳ ಮುಖ ನೋಡಿದ. ಮುಖದಲ್ಲಿ ಏನೂ ಇರಲಿಲ್ಲ.

ಈ ವರ್ಷ ಮಳೆ ತಡವಾಗಿತ್ತು. ನೀರು ಹಿಂದೆ ಸರಿದು ಸರಿದು, ಮೂರು ವರ್ಷದಲ್ಲಿ ಮೊದಲ ಸಲ ಊರು ಪೂರ್ತಿ ಎದ್ದು ಕೂತಿತ್ತು. ಫಕ್ರುಸಾಬ ಲಾರಿಯನ್ನು ದಿನ್ನೆಯ ಮೇಲೆ ನಿಲ್ಲಿಸಿ, "ನಾ ಇಲ್ಲೇ ಇರತೇನ್ರಿ, ಕೆಸರಾಗ ಗಾಡಿ ಇಳಿಯೂದಿಲ್ಲ" ಎಂದು ಬೀಡಿ ಹಚ್ಚಿದ. ಇಬ್ಬರೂ ಕೆಸರು ಒಣಗಿ ಬಿರುಕುಬಿಟ್ಟ ಅರಲಿನ ಮೇಲೆ ನಡೆದರು. ಗೋಡೆಗಳೆಲ್ಲ ಒಂದೇ ಬಣ್ಣ, ಬೂದಿಯ ಬಣ್ಣ. ತೊಲೆ, ಹೆಂಚುಗಳನ್ನು ಜನ ಮೊದಲೇ ಕಿತ್ತುಕೊಂಡು ಹೋಗಿದ್ದರು, ಹಾಗಾಗಿ ಒಂದು ಮನೆಗೂ ತಲೆ ಇರಲಿಲ್ಲ. ಮಟಮಟ ಬಿಸಿಲು. ಒಂದು ಕಾಗೆ ಕೂಡ ಇಲ್ಲ. ಹೊಳೆ ದೂರದಲ್ಲಿ ತೆಳ್ಳಗೆ ಮಿನುಗುತ್ತಿತ್ತು, ಅದರ ಸಪ್ಪಳವೂ ಇಲ್ಲಿಯ ತನಕ ಬರುತ್ತಿರಲಿಲ್ಲ. ಅರಲಿನಲ್ಲಿ ಹಸಿ ಉಳಿದ ಕಡೆ ಒಬ್ಬರದೇ ಹೆಜ್ಜೆ, ಸಾಲಿಯ ಕಡೆಗೇ ಹೋಗಿ ಬಂದದ್ದು. ಯಾರೋ ದನ ಕಾಯುವವರು ಬಂದಿರಬೇಕು ಎಂದುಕೊಂಡ ಮಾಸ್ತರ.

ಸಾಲಿಯ ಗೋಡೆ ಎದೆಮಟ್ಟ ಉಳಿದಿತ್ತು. ಸಾವಂತ್ರೆವ್ವ ಒಳಗೆ ಹೋಗಿ ಬಲಗಡೆ ಮೂರನೇ ಸಾಲಿದ್ದ ಜಾಗದಲ್ಲಿ, ಮಗಳು ಕೂಡುತ್ತಿದ್ದಲ್ಲಿ, ಚಕ್ಕಳಮಕ್ಕಳ ಹಾಕಿ ಕೂತಳು. ಮಾಸ್ತರ ತನ್ನ ಖುರ್ಚಿ ಇದ್ದಲ್ಲಿ ನಿಂತು ಪುಸ್ತಕ ಬಿಚ್ಚಿದ. ತಾನು ಕರೆಯುವುದು, ಯಾರೂ ಓಗೊಡದಿರುವುದು, ಮೂವತ್ತೊಂದು ಸಲ. ಬೇಗ ಮುಗಿಸಿ ಹೋದರಾಯಿತು.

"ಎ ಹೌಸ್" ಎಂದ.

"ಟು ಲಿವ್ ಇನ್, ಸರ್."

ಎಳೆಯ ದನಿ, ಹುಡುಗಿಯ ದನಿ. ತಲೆ ಎತ್ತಿದರೆ ಸಾವಂತ್ರೆವ್ವ ಕಣ್ಣು ಮುಚ್ಚಿ ಕೂತಿದ್ದಾಳೆ.

"ನನಗ ಮೂವತ್ತೊಂದೂ ಬರತಾವ್ರಿ" ಎಂದಳು, ಈಗ ತನ್ನದೇ ದಪ್ಪ ದನಿಯಲ್ಲಿ. "ಕರಕ್ಕ ಹುಲ್ಲ ಹಾಕಿಕೋತ ದಿನಾ ಒದರತಿದ್ಲು. ಕರೀರಿ."

ಕರೆದ. ಎ ಫೀಲ್ಡ್. ಎ ಮ್ಯಾಟ್. ಎ ಸಿಸ್ಟರ್. ಪ್ರತಿಯೊಂದಕ್ಕೂ ಉತ್ತರ ಬಂತು, ಒಂದೂ ತಪ್ಪಲಿಲ್ಲ. ಮಾಸ್ತರನಿಗೆ ಪುಸ್ತಕದಿಂದ ಕಣ್ಣು ಎತ್ತುವ ಧೈರ್ಯವಾಗಲಿಲ್ಲ. ಎತ್ತದೆ ಇದ್ದದ್ದಕ್ಕೋ ಏನೋ, ಉತ್ತರ ಒಮ್ಮೆ ಎಡಗೋಡೆಯ ಕಡೆಯಿಂದ, ಒಮ್ಮೆ ಹಿಂದಿನ ಮೂಲೆಯಿಂದ ಬಂದಂತೆ ಕೇಳಿಸಿತು. ಆಯಾ ಹುಡುಗ ಎಲ್ಲಿ ಕೂಡುತ್ತಿದ್ದನೋ ಅಲ್ಲಿಂದಲೇ. ಸೂರಿಲ್ಲದ ಗೋಡೆಗಳು, ದನಿ ತಿರುಗುತ್ತದೆ ಎಂದು ಸಮಾಧಾನ ಹೇಳಿಕೊಂಡ.

"ಎ ಡೋರ್."

"ಟು ಶಟ್, ಸರ್."

ಮುಂದಿನದು ಹದಿನೇಳು. ಅದರ ಎದುರಿಗೆ ಅವತ್ತಿನ ತಾರೀಖಿನ ಕೆಳಗೆ ಅವನದೇ ಕೈಬರಹದ 'ಹಾ' ಇತ್ತು. ಹಾಜರು.

"ಎ ಕಾಫ್" ಎಂದ.

ಉತ್ತರ ಬರಲಿಲ್ಲ.

ಮಾಸ್ತರ ಕಾದ. ಇಡೀ ಸಾಲಿ ಕಾಯುತ್ತಿದೆ ಅನ್ನಿಸಿತು. ಹೊಸ ವಸ್ತಿಯ ಹುಡುಗರು ದಿನಾ ಕಾಯುವಷ್ಟೇ ಹೊತ್ತು. ಆ ಹೊತ್ತು ಮುಗಿಯಿತು, ಮತ್ತೂ ಕಾದ. ಕೊನೆಗೆ ಕಣ್ಣೆತ್ತಿ ನೋಡಿದರೆ ಸಾವಂತ್ರೆವ್ವ ಕಣ್ಣು ಬಿಟ್ಟು ಅವನನ್ನೇ ನೋಡುತ್ತಿದ್ದಳು. ರೆಪ್ಪೆ ಬಡಿಯದೆ.

"ಸಾವಂತ್ರೆವ್ವಾ" ಎಂದ. ದನಿ ಒಡೆಯಿತು. "ಅವತ್ತ ಲಾರಿಯಾಗ ಹೇಳಿದಾಕಿ ತಂಗೆವ್ವ ಅಲ್ಲ. ಬ್ಯಾರೇ ಹುಡುಗಿ ಹೇಳಿದ್ಲು. ಒಂದs ದನಿ ಎರಡ ಸಲ ಬಂತು. ನನಗ ಅಲ್ಲೇ ಗೊತ್ತಾಗಿತ್ತು. ಗೊತ್ತಿದ್ದೂ ಹಾಜರಿ ಹಾಕಿದೆ. ನೀ ನೋಡತೇನಿ ಅಂದ್ರ ಬ್ಯಾಡ ಅಂದೆ. ಆಮ್ಯಾಲೂ ಹೇಳಲಿಲ್ಲ. ನಕ್ಕಿದ್ದನ್ನೂ ನಾ ಕೇಳಿಲ್ಲ. ಎಲ್ಲಾ ಸುಳ್ಳು."

ಹೇಳಿ ಮುಗಿಸಿ, ಹೊಡೆಯುತ್ತಾಳೆ, ಎದ್ದು ಮಣ್ಣು ತೂರುತ್ತಾಳೆ, ಶಾಪ ಹಾಕುತ್ತಾಳೆ ಎಂದು ಕಾದ. ಅವಳು ಏನೂ ಮಾಡಲಿಲ್ಲ.

"ಫಕ್ರುಸಾಬನ ಅನ್ವರಿ" ಎಂದಳು.

"ಆಕಿ..."

"ಆ ಹುಡುಗಿ ಅವತ್ತಿಂದ ನನ್ನ ಮನಿ ಮುಂದ ಹಾಯೂದಿಲ್ಲ. ನೀರಿಗೆ ಹೋಗೂದಿದ್ರ ಹಿತ್ತಲ ಸುತ್ತ ಹಾಕಿ ಹೋಗತಾಳ. ನನಗ ತಿಳೀದs ಇರತೈತೇನ್ರಿ? ತಿಳಕೊಳ್ಳಾಕ ಮನಸಿದ್ದಿಲ್ಲ, ಅಷ್ಟs. ನೀವು ದನಿ ಕೇಳೇನಿ ಅಂತಿದ್ರಿ. ಸಾಕಾಗಿತ್ತು ನನಗ." ಸೆರಗಿನ ಹುಲ್ಲನ್ನು ಸರಿಮಾಡಿಕೊಂಡು ಅಂದಳು: "ಆಕಿ ಕೂಸು, ಮಾಸ್ತರ. ನೀವು ಕೂಸಲ್ಲ."

ಇದಕ್ಕಿಂತ ಅವಳು ಹೊಡೆದಿದ್ದರೇ ಪಾಡಿತ್ತು ಅನ್ನಿಸಿತು ಮಲಕಾಜಪ್ಪನಿಗೆ.

ಅವಳು ಎದ್ದು ಕಿಟಕಿಯ ಹತ್ತಿರ ಹೋಗಿ, "ಬರ್ರಿ ಇಲ್ಲೆ" ಎಂದಳು.

ಕಿಟಕಿಯ ಉಳಿದ ಒಂದೇ ಸರಳಿಗೆ ಹಗ್ಗ ಕಟ್ಟಿತ್ತು. ಕೊಳೆತು ಕರ್ರಗಾಗಿ, ಅರಲು ಮೆತ್ತಿ, ಆದರೂ ಹಗ್ಗವೇ. ಕೆಳಗೆ ಮಣ್ಣು ಕೆದರಿದ ಗುರುತು. ಅಲ್ಲಿ ಅಂಗೈಯಗಲದ ಒಂದು ಹಿತ್ತಾಳೆ ಗಂಟೆ, ಕರದ ಕೊರಳಿನದು.

"ಆಕೀದs ಗಂಟು. ಎರಡ ಸುತ್ತು ಹಾಕಿ ತುದಿ ಒಳಗ ತುರುಕತಿದ್ಲು. ಹಂಗ ಕಟ್ಟಬ್ಯಾಡ, ಬಿಚ್ಚಾಕ ಬರೂದಿಲ್ಲ ಅಂತ ನಾ ಬೈತಿದ್ದೆ." ಬೆರಳಿನಿಂದ ಗಂಟನ್ನು ಮುಟ್ಟಿದಳು. "ಊರಾಗ ಸಾಲೀ ಕಟ್ಟಿನs ಎತ್ತರಲ್ರಿ. ಇಲ್ಲಿಗೆ ನೀರ ಬರೂದಿಲ್ಲ, ಮಾಸ್ತರ ಹುಡುಕ್ಕೋತ ಸಾಲಿಗೇ ಬರ್ತಾರ ಅಂದಿರಬೇಕು."

"ಯಾವಾಗ ನೋಡಿದಿ?"

"ನಿನ್ನೆ ಒಬ್ಬಾಕೇ ಬಂದಿದ್ದೆ."

ಅರಲಿನ ಮೇಲಿನ ಹೆಜ್ಜೆ ಅವನ ನೆನಪಿಗೆ ಬಂತು. "ಮತ್ತ ಇವತ್ತ ನನ್ನ ಯಾಕ..."

"ನೀವಾಗಿ ಹೇಳತೀರೇನೋ ಅಂತ" ಎಂದಳು ಸಾವಂತ್ರೆವ್ವ. "ಹೇಳಿದ್ದು ಛಲೋ ಆತು. ನಾಳಿಗೆ ಹಿರ್ಯಾರ್ನ ಕೂಡಸತೇನಿ. ಕೂಡಿದ ಮಂದಿ ಮುಂದ ಇದನ್ನs ಹೇಳ್ರಿ. ಆಮ್ಯಾಲ ಆಕಿ ದಿನ ಮಾಡತೇನಿ. ಅಷ್ಟರ ಮಟಾ ಆಕಿಗೆ ಹಾದಿ ಇಲ್ಲ, ನನಗೂ ಇಲ್ಲ."

"ಹೇಳತೇನಿ" ಎಂದ. ನೌಕರಿ ಹೋಗಬಹುದು, ಊರು ಉಗುಳಬಹುದು. ಅದೆಲ್ಲ ಎಲ್ಲೋ ದೂರದ ಮಾತಿನಂತೆ ಕೇಳಿಸಿತು.

ಅವಳು ಮತ್ತೆ ಹೋಗಿ ಮಗಳ ಜಾಗದಲ್ಲಿ ಕೂತಳು. "ಪುಸ್ತಕದಾಗ ತಿದ್ದ್ರಿ."

ಮಲಕಾಜಪ್ಪ ಕಿಸೆಯಿಂದ ಪೆನ್ನು ತೆಗೆದು, 'ಹಾ' ಹೊಡೆದುಹಾಕಿ, ಪಕ್ಕದಲ್ಲಿ 'ಗೈ' ಎಂದು ಬರೆದ. ಗೈರುಹಾಜರು. ಮೂರು ವರ್ಷ ತಡವಾಗಿ ಬರೆದ ಆ ಒಂದು ಅಕ್ಷರ ಕಣ್ಣೀರಿನಲ್ಲಿ ಕದಡಿತು. ಪುಸ್ತಕ ಮುಚ್ಚಲು ಹೋದ.

"ಉಳದದ್ದು ಕರೀರಿ" ಎಂದಳು ಅವಳು. "ಅರ್ಧಕ್ಕ ಬಿಡಬಾರ್ದು."

"ಎ ಲಾರಿ."

"ಟು ಡ್ರೈವ್, ಸರ್." ದನಿ ಸ್ವಲ್ಪ ಒಡಕಾಗಿ ಬಂತು.

ಮಾಸ್ತರ ಪುಸ್ತಕದಲ್ಲೇ ಕಣ್ಣಿಟ್ಟು ಮೂವತ್ತೊಂದರ ತನಕ ಕರೆದ. ಮೂವತ್ತೊಂದರ ತನಕ ಉತ್ತರ ಬಂತು, ಆ ಮೂಲೆಯಿಂದ, ಈ ಗೋಡೆಯಿಂದ. ಮುಗಿದ ಮೇಲೆ ಸಾವಂತ್ರೆವ್ವ ಸೆರಗು ಬಿಚ್ಚಿ ಹಸಿ ಹುಲ್ಲನ್ನು ಕಿಟಕಿಯ ಕೆಳಗೆ ಇಟ್ಟಳು. ಗಂಟೆಯನ್ನು ಕೈಗೆತ್ತಿಕೊಂಡಳು. ಹಗ್ಗವನ್ನು ಬಿಚ್ಚಲಿಲ್ಲ.

ದಿನ್ನೆ ಹತ್ತಿ ಬಂದಾಗ ಫಕ್ರುಸಾಬ ಲಾರಿಯ ನೆರಳಿನಿಂದ ಎದ್ದು ಬಂದ. ಅವನ ಬೀಡಿ ಕೈಯಲ್ಲೇ ಆರಿತ್ತು.

"ಎಲ್ರೀ ಮಾಸ್ತರ, ಹುಡುಗೂರು?"

"ಯಾವ ಹುಡುಗೂರು?"

"ಹಾಜರಿ ಹೇಳಾಕ ಹತ್ತಿದ್ರಲ್ರಿ? ಇಲ್ಲೀಮಟಾ ಕೇಳತಿತ್ತು. ನಮ್ಮ ಅನ್ವರಿ ದನೀನೂ ಕೇಳಿದಂಗಾತು, ಆಕಿ ಮನ್ಯಾಗ ಅದಾಳ, ಇಲ್ಲಿ ಹೆಂಗ ಬಂದ್ಲು ಅಂದೆ." ಅವನು ನಕ್ಕಂತೆ ಮಾಡಿದ. ನಗು ಹತ್ತಲಿಲ್ಲ. "ನಡುವ ಒಮ್ಮೆ ಎಲ್ಲಾರೂ ಗಪ್ಪಾದ್ರಲ್ಲ, ಯಾಕ್ರಿ?"

ಮಲಕಾಜಪ್ಪ ಹಿಂದಿರುಗಿ ಊರಿನ ಕಡೆ ನೋಡದೆ ಪುಸ್ತಕವನ್ನು ಎದೆಗೆ ಒತ್ತಿಕೊಂಡ.

ಸಾವಂತ್ರೆವ್ವ ಗಾಲಿಯ ಮೇಲೆ ಒಂದು ಕಾಲು ಇಟ್ಟಿದ್ದಳು. ಅಲ್ಲೇ ಒಂದು ಗಳಿಗೆ ನಿಂತಳು.

"ಅವರೊಳಗ ಒಬ್ಬಾಕಿ ಬಂದಿದ್ದಿಲ್ಲ" ಎಂದು ಹೇಳಿ ಲಾರಿ ಹತ್ತಿದಳು.

ಸೆರಗಿನಲ್ಲಿ ನಾಲ್ಕು ಎಸಳು ಹುಲ್ಲು ಉಳಿದಿದ್ದವು. ಅವನ್ನು ಉಂಡೆ ಮಾಡಿ ಗಂಟೆಯೊಳಗೆ ತುರುಕಿ, ಮಡಿಲಲ್ಲಿ ಇಟ್ಟುಕೊಂಡು, ಮೇಲೆ ಕೈ ಮುಚ್ಚಿ ಕೂತಳು. ದಾರಿ ಬಹಳ ಕೆಟ್ಟಿತ್ತು, ಲಾರಿ ಎತ್ತೆತ್ತಿ ಹಾಕುತ್ತಿತ್ತು. ಹೊಸ ವಸ್ತಿ ಮುಟ್ಟುವ ತನಕ ಗಂಟೆ ಒಮ್ಮೆಯೂ ಸಪ್ಪಳ ಮಾಡಲಿಲ್ಲ.